ಮಳೆ ಲೆಕ್ಕದ ಆಪ್ ಭಾವನ ಮನೆಯಲ್ಲಿ ಸುಮ್ನೆ ತೆರೆಯಿತು, ನನ್ನ ಲ್ಯಾಪ್‌ಟಾಪ್‌ನಲ್ಲಿ ಎಚ್ಚರಿಕೆ ಬಂತು. ಯಾವುದನ್ನು ನಂಬಲಿ?

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ಸಣ್ಣ ಆನ್‌ಲೈನ್ ಸೇವಾ ಕೇಂದ್ರ ಇಟ್ಟುಕೊಂಡಿದ್ದೇನೆ. ಪಹಣಿ, ಅರ್ಜಿ, ಪ್ರಿಂಟ್, ಇದೇ ಕೆಲಸ.

ಹೊಸನಗರ ಕಡೆಯ ಹುಡುಗರೊಬ್ಬರು ಮಳೆ ಲೆಕ್ಕ ಬರೆದಿಡುವ ಆಪ್ ಮಾಡಿದ್ದಾರೆ. ದಿನಾ ಎಷ್ಟು ಮಿಲಿಮೀಟರ್ ಬಂತು ಅಂತ ಹಾಕಿದರೆ ಆರಿದ್ರಾ ಎಷ್ಟು, ಪುನರ್ವಸು ಎಷ್ಟು, ಪುಷ್ಯ ಎಷ್ಟು ಎಂದು ಒಟ್ಟು ಮಾಡಿಕೊಡುತ್ತದೆ. ಅಡಿಕೆಗೆ ಬೋರ್ಡೋ ಔಷಧಿ ಹೊಡೆದ ತಾರೀಕು ಹಾಕಿದರೆ ಮುಂದಿನ ಔಷಧಿಗೆ ನೆನಪಿಸುತ್ತದೆ. ನಮ್ಮ ಕಡೆ ಪ್ರತಿ ಮನೆಯಲ್ಲೂ ಹಳೇ ಕ್ಯಾಲೆಂಡರಿನ ಮೇಲೆ ಮಳೆ ಬರೆಯುವ ಅಭ್ಯಾಸ ಇದೆಯಲ್ಲ, ಅದಕ್ಕೆ ಬಹಳ ಜನ ಕೇಳುತ್ತಿದ್ದಾರೆ.

ನಿನ್ನೆ ಅವರ ಪುಟದಿಂದಲೇ ನನ್ನ ಹೊಸ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡೆ. ತೆರೆದ ಕೂಡಲೇ ನೀಲಿ ಪೆಟ್ಟಿಗೆ ಬಂತು. 'ವಿಂಡೋಸ್ ಪ್ರೊಟೆಕ್ಟೆಡ್ ಯುವರ್ ಪಿಸಿ' ಎಂದಿತ್ತು. ಕೆಳಗೆ 'ಡೋಂಟ್ ರನ್' ಒಂದೇ ಗುಂಡಿ. ಹೆದರಿ ಮುಚ್ಚಿದೆ.

ಆದರೆ ಇದೇ ಆಪ್ ನಮ್ಮ ಭಾವನ ಮನೆಯ ಕಂಪ್ಯೂಟರಿನಲ್ಲಿ ಹೋದ ತಿಂಗಳಿಂದ ಓಡುತ್ತಿದೆ. ಪೆನ್‌ಡ್ರೈವ್‌ನಲ್ಲಿ ತಂದು ಹಾಕಿದ್ದರು. ಅಲ್ಲಿ ಎಚ್ಚರಿಕೆ ಬರಲೇ ಇಲ್ಲ. ಹಾಗಾದರೆ ನನ್ನ ಫೈಲ್‌ನಲ್ಲಿ ವೈರಸ್ ಇದೆಯಾ? ಭಾವನ ಪೆನ್‌ಡ್ರೈವ್ ತಂದು ಅದನ್ನೇ ಹಾಕಿಕೊಳ್ಳಲಾ? ನನ್ನ ಹತ್ತಿರ ಜನ ತಮ್ಮ ಆಧಾರ್, ಪಾಸ್‌ಬುಕ್ ಎಲ್ಲ ಕೊಟ್ಟು ಹೋಗುತ್ತಾರೆ. ಕಣ್ಣು ಮುಚ್ಚಿ ಏನನ್ನೂ ಒತ್ತಲು ಮನಸ್ಸಿಲ್ಲ.

ಸಾಗರದ ಅಂಗಡಿ

ಹೆದರಬೇಡಿ ಮಾರಾಯ್ರೆ. ಆ ಪೆಟ್ಟಿಗೆಯಲ್ಲಿ 'ಮೋರ್ ಇನ್ಫೋ' ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಅದನ್ನು ಒತ್ತಿದರೆ 'ರನ್ ಎನಿವೇ' ಬರುತ್ತದೆ. ನಾನು ಯಾವಾಗಲೂ ಒತ್ತುತ್ತೇನೆ. 5 ವರ್ಷದಲ್ಲಿ ಏನೂ ಆಗಿಲ್ಲ. ಜಾಸ್ತಿ ಕಾಟ ಕೊಟ್ಟರೆ ವಿಂಡೋಸ್ ಜೊತೆ ಬರುವ ಆಂಟಿವೈರಸ್ ಡಿಫೆಂಡರ್ ಆಫ್ ಮಾಡಿಬಿಡಿ, ಕಂಪ್ಯೂಟರ್ ಸ್ಪೀಡೂ ಆಗುತ್ತದೆ.

ದುರ್ಗಿಗುಡಿ

ಸಾಗರದವರೇ, ಗುಂಡಿ ಎಲ್ಲಿದೆ ಎಂದು ನೀವು ಹೇಳಿದ್ದು ಸರಿ. ಆದರೆ ಡಿಫೆಂಡರ್ ಆಫ್ ಮಾಡಿ ಎನ್ನುವುದನ್ನು ದಯವಿಟ್ಟು ಯಾರಿಗೂ ಹೇಳಬೇಡಿ. ಒಂದು ಆಪ್ ತೆರೆಯಲು ಮನೆಯ ಬಾಗಿಲನ್ನೇ ಕಿತ್ತಿಟ್ಟ ಹಾಗೆ ಅದು. ಆಫ್ ಮಾಡಿದವರು ಮತ್ತೆ ಆನ್ ಮಾಡಿದ್ದನ್ನು ನಾನು ನೋಡಿದ್ದು ಬಹಳ ಕಡಿಮೆ. ಶಿವಮೊಗ್ಗದಲ್ಲಿ 11 ವರ್ಷದಿಂದ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇನೆ, ಆ ಅನುಭವದಿಂದ ಹೇಳುತ್ತಿದ್ದೇನೆ.

ತುಂಗಾತೀರ ಸರ್, ನಿಮ್ಮ ಪ್ರಶ್ನೆ ಬಹಳ ಒಳ್ಳೆಯದು. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ನೀವು ನೋಡಿದ್ದು ಸ್ಮಾರ್ಟ್‌ಸ್ಕ್ರೀನ್. 2012ರ ವಿಂಡೋಸ್ 8ರಿಂದ ಅದು ವಿಂಡೋಸ್ ಒಳಗೇ ಇದೆ. ಅದು 'ಇದರಲ್ಲಿ ವೈರಸ್ ಇದೆ' ಎಂದು ಹೇಳುತ್ತಿಲ್ಲ. 'ಇದರ ಪರಿಚಯ ನನಗಿಲ್ಲ' ಎಂದು ಹೇಳುತ್ತಿದೆ. ಲಕ್ಷಾಂತರ ಜನ ಇಳಿಸಿಕೊಂಡ ವಿಡಿಯೋ ನೋಡುವ ಆಪ್ ವಿಎಲ್‌ಸಿಗೆ ಪರಿಚಯ ಇರುತ್ತದೆ. ನೂರಿನ್ನೂರು ಜನ ಬಳಸುವ ಮಳೆ ಲೆಕ್ಕದ ಆಪ್‌ಗೆ ಎಲ್ಲಿಂದ ಬರಬೇಕು? ಮನೆ ನಾಯಿ ಹೊಸ ಪೋಸ್ಟ್‌ಮ್ಯಾನ್‌ಗೂ ಬೊಗಳುತ್ತದೆ, ಕಳ್ಳನಿಗೂ ಬೊಗಳುತ್ತದೆ. ಬಂದವರು ಯಾರು ಎಂದು ನೋಡಲು ನೀವು ಹೊರಗೆ ಬರಬೇಕು.

ಬೇರೆ ಥರದ ಎಚ್ಚರಿಕೆ ಇದೆ. 'ಥ್ರೆಟ್ ಫೌಂಡ್' ಎಂದು ಬಂದು, ಟ್ರೋಜನ್ ಅಥವಾ ವೈರಸ್ ಎಂದು ಶುರುವಾಗುವ ಹೆಸರನ್ನೂ ತೋರಿಸುತ್ತದೆ. ಅದು ಗುರುತು ಹಿಡಿದು ಹೇಳುವ ಮಾತು. ಅಲ್ಲಿ ನಿಲ್ಲಲೇಬೇಕು. ಈ ಎರಡನ್ನೂ ಒಂದೇ ಎಂದುಕೊಂಡವರು ಒಂದೋ ಎಲ್ಲಕ್ಕೂ ಹೆದರುತ್ತಾರೆ, ಇಲ್ಲವೇ ಎಲ್ಲಕ್ಕೂ ಯೆಸ್ ಒತ್ತುತ್ತಾರೆ.

ಈಗ ಭಾವನ ಮನೆಯ ವಿಷಯ. ಬ್ರೌಸರ್‌ನಲ್ಲಿ ಇಳಿಸಿದ ಫೈಲ್‌ಗೆ 'ಇದು ಇಂಟರ್‌ನೆಟ್ಟಿನಿಂದ ಬಂದದ್ದು' ಎಂಬ ಗುರುತು ಅಂಟಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಕೆಳಗೆ 'ಅನ್‌ಬ್ಲಾಕ್' ಎಂದು ಇರುವುದು ಆ ಗುರುತಿನಿಂದಲೇ. ಆ ಗುರುತು ಇದ್ದರೆ ಮಾತ್ರ ಸ್ಮಾರ್ಟ್‌ಸ್ಕ್ರೀನ್ ತಡೆದು ಕೇಳುತ್ತದೆ. ಅದು ಉಳಿಯಲು ಡಿಸ್ಕ್ ಎನ್‌ಟಿಎಫ್‌ಎಸ್ ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ನಮ್ಮ ಪೆನ್‌ಡ್ರೈವ್‌ಗಳೆಲ್ಲ ಹೆಚ್ಚಾಗಿ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್. ಅದಕ್ಕೆ ಕಾಪಿ ಮಾಡಿದ ಕ್ಷಣ ಗುರುತು ಉದುರಿಹೋಗುತ್ತದೆ.

ಅಂದರೆ ಭಾವನ ಮನೆಯಲ್ಲಿ ಎಚ್ಚರಿಕೆ ಬರದೇ ಇದ್ದದ್ದು ಫೈಲ್ ಒಳ್ಳೆಯದು ಎನ್ನುವುದಕ್ಕೆ ಸಾಕ್ಷಿ ಅಲ್ಲ. ಅಲ್ಲಿ ಯಾರೂ ಕೇಳಲೇ ಇಲ್ಲ, ಅಷ್ಟೇ. ನನ್ನನ್ನು ಕೇಳಿದರೆ ಎರಡರಲ್ಲಿ ನನಗೆ ಜಾಸ್ತಿ ಅನುಮಾನ ಇರುವುದು ಪೆನ್‌ಡ್ರೈವ್ ಫೈಲ್ ಮೇಲೆ. ದಯವಿಟ್ಟು ಅದನ್ನು ನಿಮ್ಮ ಲ್ಯಾಪ್‌ಟಾಪ್‌ಗೆ ಹಾಕಿಕೊಳ್ಳಬೇಡಿ.

ತುಂಗಾತೀರ, ತೀರ್ಥಹಳ್ಳಿ

ಸರ್, ನಾನು ಪೂರ್ತಿ ಉಲ್ಟಾ ಯೋಚಿಸಿದ್ದೆ. ಎಚ್ಚರಿಕೆ ಬಂದದ್ದು ಕೆಟ್ಟದ್ದು, ಬರದೇ ಇದ್ದದ್ದು ಒಳ್ಳೆಯದು ಅಂತ. ಈಗ ಎರಡೂ ಒಂದೇ ಫೈಲಾ ಅಂತ ನೋಡುವುದು ಹೇಗೆ? ಹೆಸರು ಒಂದೇ ಇದೆ.

ಮಳೆಲೆಕ್ಕ, ಹೊಸನಗರ

ನಮಸ್ಕಾರ, ಆ ಆಪ್ ಮಾಡಿದವನು ನಾನೇ. ಸ್ನೇಹಿತರೊಬ್ಬರು ಈ ಚರ್ಚೆ ಕಳಿಸಿದರು. ಕಷ್ಟ ಕೊಟ್ಟಿದ್ದಕ್ಕೆ ಕ್ಷಮಿಸಿ.

ಎಚ್ಚರಿಕೆ ಬರುವುದು ನನಗೂ ಗೊತ್ತಿದೆ. ಕಾರಣ ಸರಳ. ಆಪ್‌ಗೆ ಡಿಜಿಟಲ್ ಸಹಿ ಇಲ್ಲ. ಸಹಿ ಹಾಕುವ ಸರ್ಟಿಫಿಕೇಟ್‌ಗೆ ವರ್ಷಕ್ಕೆ ಸಾವಿರಾರು ರೂಪಾಯಿ ಕಟ್ಟಬೇಕು. 2023ರ ಜೂನ್‌ನಿಂದ ಅದರ ಕೀಲಿಯನ್ನು ಹಾರ್ಡ್‌ವೇರ್ ಟೋಕನ್‌ನಲ್ಲಿ ಅಥವಾ ಅಂಥದ್ದೇ ಭದ್ರ ಸಾಧನದಲ್ಲಿ ಇಡಬೇಕು ಎಂಬ ನಿಯಮವೂ ಬಂದಿದೆ. ಪುಕ್ಕಟೆ ಕೊಡುವ ಆಪ್‌ಗೆ ಅಷ್ಟು ಹಣ ಹಾಕಲು ನನಗೆ ಆಗಲಿಲ್ಲ.

ಸಹಿ ಇಲ್ಲದಿದ್ದರೆ ಇನ್ನೊಂದು ತೊಂದರೆ. ಪರಿಚಯ ಬೆಳೆಯುವುದು ಆ ಒಂದು ಫೈಲ್‌ಗೆ ಮಾತ್ರ. ನಾನು ಸಣ್ಣ ತಪ್ಪು ತಿದ್ದಿ ಹೊಸ ಆವೃತ್ತಿ ಬಿಟ್ಟರೆ ಮತ್ತೆ ಮೊದಲಿಂದ ಶುರು. ಸಹಿ ಇದ್ದರೆ ಹೆಸರು ಆ ಸಹಿಯ ಜೊತೆ ಮುಂದಕ್ಕೆ ಬರುತ್ತದೆ.

ಎರಡು ಫೈಲ್ ಒಂದೇನಾ ಎಂದು ನೋಡಲು ಎಸ್‌ಎಚ್‌ಎ-256 ಹೋಲಿಸಿ. ಫೈಲ್‌ನಿಂದ ಲೆಕ್ಕ ಹಾಕಿ ಬರುವ 64 ಅಕ್ಷರಗಳ ಸಾಲು ಅದು, ಹ್ಯಾಷ್ ಎನ್ನುತ್ತಾರೆ. ಫೈಲ್‌ನಲ್ಲಿ ಒಂದು ಅಕ್ಷರ ಬದಲಾದರೂ ಇಡೀ ಸಾಲೇ ಬೇರೆಯಾಗುತ್ತದೆ. ಕಮಾಂಡ್ ಪ್ರಾಂಪ್ಟ್ ತೆರೆದು, 'ಸರ್ಟ್‌ಯುಟಿಲ್', ಜಾಗ ಬಿಟ್ಟು ಒಂದು ಅಡ್ಡಗೆರೆ ಜೊತೆ 'ಹ್ಯಾಷ್‌ಫೈಲ್', ಆಮೇಲೆ ಫೈಲ್, ಕೊನೆಗೆ 'ಎಸ್‌ಎಚ್‌ಎ256' ಎಂದು ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ಫೈಲ್ ಹೆಸರು ಟೈಪ್ ಮಾಡುವ ಬದಲು ಅದನ್ನೇ ಎಳೆದು ಆ ಕಪ್ಪು ಕಿಟಕಿಗೆ ಬಿಟ್ಟರೆ ಸಾಕು. 7-ಜಿಪ್ ಇದ್ದವರಿಗೆ ರೈಟ್ ಕ್ಲಿಕ್ ಮೆನುವಿನಲ್ಲೇ ಸಿಗುತ್ತದೆ.

ಇಷ್ಟು ದಿನ ನಾನು ಈ ಸಾಲನ್ನು ಪುಟದಲ್ಲಿ ಹಾಕಿರಲಿಲ್ಲ. ಅದು ನನ್ನ ತಪ್ಪು. ಇವತ್ತು ರಾತ್ರಿ ಮೂರೂ ಆವೃತ್ತಿಗಳದ್ದನ್ನು ಹಾಕುತ್ತೇನೆ. ಕರೆಂಟ್ ಇದ್ದರೆ.

ಟೆಂಡರ್ ಕೆಲಸ, ಶಿಕಾರಿಪುರ

ಸಹಿ ಎಂದ ಕೂಡಲೇ ನೆನಪಾಯಿತು. ನಾವು ಟೆಂಡರ್ ಹಾಕಲು ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿಯ ಸರ್ಟಿಫಿಕೇಟ್ ಇರುವ ಟೋಕನ್ ಇಟ್ಟುಕೊಂಡಿರುತ್ತೇವೆ. ಪೆನ್‌ಡ್ರೈವ್ ಥರದ್ದು, ಪಿನ್ ಹಾಕಿದರೆ ಸಹಿ ಬೀಳುತ್ತದೆ. ಆಪ್‌ಗೆ ಹಾಕುವ ಸಹಿಯೂ ಅದೇ ರೀತಿಯದ್ದಾ?

ದುರ್ಗಿಗುಡಿ

ತತ್ವ ಅದೇ. ನಿಮ್ಮ ಡಿಎಸ್‌ಸಿ ನಿಮ್ಮ ಟೆಂಡರ್ ಕಾಗದಕ್ಕೆ ಸಹಿ ಹಾಕುತ್ತದೆ, ಅವರದ್ದು ಆಪ್‌ಗೆ ಹಾಕುತ್ತದೆ. ಸರ್ಟಿಫಿಕೇಟ್ ಮಾತ್ರ ಬೇರೆ. ಆಪ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ಗೆ ಹೋದರೆ, ಸಹಿ ಇದ್ದ ಫೈಲ್‌ನಲ್ಲಿ 'ಡಿಜಿಟಲ್ ಸಿಗ್ನೇಚರ್ಸ್' ಎಂಬ ಭಾಗ ಕಾಣುತ್ತದೆ. ಇನ್‌ಸ್ಟಾಲ್ ಮಾಡುವಾಗ ಪರದೆ ಮಂಕಾಗಿ ಅನುಮತಿ ಕೇಳುತ್ತದಲ್ಲ, ಅಲ್ಲಿಯೂ ಗೊತ್ತಾಗುತ್ತದೆ. ಸಹಿ ಸರಿ ಇದ್ದರೆ ತಲೆಬರಹ ನೀಲಿ, ಯಾರದೆಂದು ಗೊತ್ತಿಲ್ಲದಿದ್ದರೆ ಹಳದಿ.

ಆದರೆ ಒಂದು ಮಾತು. ಸಹಿ 'ಇದು ಇಂಥವರದ್ದು, ದಾರಿಯಲ್ಲಿ ಬದಲಾಗಿಲ್ಲ' ಎಂದು ಹೇಳುತ್ತದೆ. 'ಇವರು ಒಳ್ಳೆಯವರು' ಎಂದು ಹೇಳುವುದಿಲ್ಲ. 2017ರಲ್ಲಿ ಕಂಪ್ಯೂಟರ್ ಸ್ವಚ್ಛ ಮಾಡುವ ಆಪ್ ಸಿಕ್ಲೀನರ್‌ನ 5.33 ಆವೃತ್ತಿಯಲ್ಲಿ ಹಾನಿಕಾರಕ ಕೋಡ್ ಸೇರಿಹೋಗಿತ್ತು. ಕಂಪನಿಯ ಸ್ವಂತ ಜಾಲತಾಣದಿಂದ, ಸರಿಯಾದ ಸಹಿಯೊಂದಿಗೇ, ಸುಮಾರು 22 ಲಕ್ಷ ಕಂಪ್ಯೂಟರ್‌ಗಳಿಗೆ ಹೋಗಿತ್ತು. ಇನ್ನೊಂದು ಕಡೆ, ಅದೇ ವರ್ಷ ಮೇ ತಿಂಗಳಲ್ಲಿ ಹ್ಯಾಂಡ್‌ಬ್ರೇಕ್ ಎಂಬ ವಿಡಿಯೋ ಆಪ್‌ನ ಒಂದು ಡೌನ್‌ಲೋಡ್ ಸರ್ವರ್‌ನಲ್ಲಿ ಯಾರೋ ಮ್ಯಾಕ್ ಫೈಲನ್ನು ಬದಲಾಯಿಸಿದ್ದರು. ಆ ಫೈಲ್‌ನ ಹ್ಯಾಷ್ ಹೋಲಿಸಿ ನೋಡಿದವರಿಗೆ ಅದು ಬೇರೆ ಎಂದು ತಿಳಿಯಿತು. ಮಳೆಲೆಕ್ಕದವರು ಹೇಳಿದ 64 ಅಕ್ಷರದ ಬೆಲೆ ಅಲ್ಲಿದೆ.

ಫೋಟೋದವ, ಭದ್ರಾವತಿ

ಸಾಗರದ ಅಣ್ಣ 5 ವರ್ಷದಲ್ಲಿ ಏನೂ ಆಗಿಲ್ಲ ಎಂದಿದ್ದಾರೆ. ನಾನೂ ಹಾಗೇ ಹೇಳುತ್ತಿದ್ದೆ, 2020ರವರೆಗೆ.

ಮದುವೆ ವಿಡಿಯೋ ಎಡಿಟ್ ಮಾಡಲು ಒಂದು ಸಾಫ್ಟ್‌ವೇರ್‌ನ ಕ್ರ್ಯಾಕ್, ಅಂದರೆ ಕಳ್ಳ ಪ್ರತಿ ಇಳಿಸಿಕೊಂಡೆ. ಅದರ ಜೊತೆ ಒಂದು ನೋಟ್‌ಪ್ಯಾಡ್ ಫೈಲ್ ಇತ್ತು. 'ಮೊದಲು ಆಂಟಿವೈರಸ್ ಆಫ್ ಮಾಡಿ' ಎಂದು ಬರೆದಿತ್ತು. ಮಾಡಿದೆ. ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಎಲ್ಲ ಫೋಟೋಗಳ ಹೆಸರಿನ ಕೊನೆಗೆ ಹೊಸ ನಾಲ್ಕಕ್ಷರ ಸೇರಿತ್ತು. ಯಾವುದೂ ತೆರೆಯುತ್ತಿರಲಿಲ್ಲ. ಪ್ರತಿ ಫೋಲ್ಡರ್‌ನಲ್ಲಿ ಒಂದು ಚೀಟಿ. 980 ಡಾಲರ್ ಕೊಡಿ, 72 ಗಂಟೆಯೊಳಗಾದರೆ 490 ಎಂದು.

ಆರು ಮದುವೆಯ ಫೋಟೋ ಹೋಯಿತು. ದುಡ್ಡು ಕೊಡಲಿಲ್ಲ, ಕೊಟ್ಟರೂ ಬರುತ್ತದೆ ಎಂದು ಯಾರು ಹೇಳಿದರು? ಆಮೇಲೆ ಆರೂ ಮನೆಗೆ ಹೋದೆ. ಒಂದು ಮನೆಯಲ್ಲಿ ಹುಡುಗಿಯ ಅಜ್ಜಿ ಮದುವೆಯಾಗಿ ಎರಡು ತಿಂಗಳಿಗೆ ತೀರಿಕೊಂಡಿದ್ದರು. ಅವರ ಕೊನೆಯ ಫೋಟೋ ನನ್ನ ಹತ್ತಿರ ಇತ್ತು. ಆ ಮನೆಯವರು ನನಗೆ ಬೈಯಲೂ ಇಲ್ಲ. ಸುಮ್ಮನೆ ಕೂತಿದ್ದರು.

ಯಾರಾದರೂ 'ಮೊದಲು ಆಂಟಿವೈರಸ್ ಆಫ್ ಮಾಡಿ' ಎಂದರೆ ನನಗೆ ಈಗ ಅದೇ ಎಚ್ಚರಿಕೆ. ಅದಕ್ಕಿಂತ ದೊಡ್ಡದು ಬೇಕಿಲ್ಲ.

ಸಾಗರದ ಅಂಗಡಿ

ಓದಿದೆ. ಅಣ್ಣಾ, ಬೇಜಾರಾಯಿತು. ನಾನು ಬರೆದದ್ದು ತಪ್ಪು. ಡಿಫೆಂಡರ್ ಈಗಲೇ ಆನ್ ಮಾಡಿದೆ. ಸ್ಕ್ಯಾನ್ ಓಡುತ್ತಿದೆ.

ಶಂಕರಘಟ್ಟ ಹಾಸ್ಟೆಲ್

ನನ್ನದು ಹಳೇ ಮ್ಯಾಕ್‌ಬುಕ್, ಸೀನಿಯರ್ ಅಕ್ಕ ಕೊಟ್ಟದ್ದು. ಅದರಲ್ಲೂ ಹೀಗೇ ಬರುತ್ತದೆ. ಮೊದಲು ಕಂಟ್ರೋಲ್ ಒತ್ತಿ ಕ್ಲಿಕ್ ಮಾಡಿ ಓಪನ್ ಅಂದರೆ ತೆರೆಯುತ್ತಿತ್ತು. ಅಪ್‌ಡೇಟ್ ಆದ ಮೇಲೆ ಆಗುತ್ತಿಲ್ಲ. ಒಂದು ವಿಡಿಯೋದಲ್ಲಿ ಟರ್ಮಿನಲ್ ಎಂಬ ಕಮಾಂಡ್ ಹೊಡೆಯುವ ಕಿಟಕಿಯಲ್ಲಿ ಒಂದು ಸಾಲು ಪೇಸ್ಟ್ ಮಾಡಿ ಅಂದರು. ಮಾಡಬಹುದಾ?

ದುರ್ಗಿಗುಡಿ

ಮಾಡಬೇಡಮ್ಮ. ಏನು ಮಾಡುತ್ತದೆ ಎಂದು ಗೊತ್ತಿಲ್ಲದ ಸಾಲನ್ನು ಟರ್ಮಿನಲ್‌ಗೆ ಅಂಟಿಸಬಾರದು. ಮ್ಯಾಕ್‌ನಲ್ಲಿ ಪಾಸ್‌ವರ್ಡ್ ಕದಿಯುವವರು ಈಗ ಬಳಸುವ ದಾರಿಯೇ ಅದು.

ಮ್ಯಾಕ್‌ನ ಕಾವಲುಗಾರನ ಹೆಸರು ಗೇಟ್‌ಕೀಪರ್. 2012ರಿಂದ ಇದೆ. 2019ರ ಮ್ಯಾಕ್ ಆವೃತ್ತಿ ಕ್ಯಾಟಲಿನಾದಿಂದ ಆಪ್‌ಗಳನ್ನು ಮೊದಲು ಆಪಲ್‌ಗೆ ಕಳಿಸಿ ತಪಾಸಣೆ ಮಾಡಿಸಿಕೊಳ್ಳಬೇಕು. ನೀನು ಹೇಳಿದ ಕಂಟ್ರೋಲ್ ಕ್ಲಿಕ್ ದಾರಿಯನ್ನು 2024ರ ಆವೃತ್ತಿ ಸಿಕೋಯಾದಲ್ಲಿ ತೆಗೆದರು. ಈಗ ಆಪ್ ಒಮ್ಮೆ ತೆರೆಯಲು ನೋಡಿ, ತಡೆದ ಮೇಲೆ ಸಿಸ್ಟಂ ಸೆಟ್ಟಿಂಗ್ಸ್‌ಗೆ ಹೋಗಿ, ಪ್ರೈವಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ ಕೆಳಗೆ ಇಳಿದರೆ 'ಓಪನ್ ಎನಿವೇ' ಸಿಗುತ್ತದೆ. ಸುಮಾರು ಒಂದು ಗಂಟೆ ಮಾತ್ರ ಇರುತ್ತದೆ, ಆಮೇಲೆ ಮಾಯ. ಅದನ್ನೂ ಆಪ್ ಎಲ್ಲಿಂದ ಬಂತು ಎಂದು ಖಾತ್ರಿ ಇದ್ದರೆ ಮಾತ್ರ ಒತ್ತು. ಯಾವ ಆಪ್ ಅದು?

ಶಂಕರಘಟ್ಟ ಹಾಸ್ಟೆಲ್

ಪಿಡಿಎಫ್ ಜೋಡಿಸುವ ಆಪ್ ಸರ್. ಹುಡುಕಿದಾಗ ಎಲ್ಲಕ್ಕಿಂತ ಮೇಲೆ ಬಂದದ್ದನ್ನು ಇಳಿಸಿದೆ.

ದುರ್ಗಿಗುಡಿ

ಎಲ್ಲಕ್ಕಿಂತ ಮೇಲೆ ಬರುವುದು ಎಷ್ಟೋ ಸಲ ದುಡ್ಡು ಕೊಟ್ಟ ಜಾಹೀರಾತು. ಅದರ ಮೇಲೆ 'ಸ್ಪಾನ್ಸರ್ಡ್' ಎಂದು ಸಣ್ಣದಾಗಿ ಇರುತ್ತದೆ. ಪ್ರಸಿದ್ಧ ಆಪ್‌ಗಳ ಹೆಸರಿನಲ್ಲೇ ಕಳ್ಳ ಪುಟಗಳು ಹೀಗೆ ಜಾಹೀರಾತು ಕೊಟ್ಟಿದ್ದಿದೆ. ಆ ಫೈಲ್ ಅಳಿಸಿಬಿಡು. ಪಿಡಿಎಫ್ ಜೋಡಿಸಲು ಮ್ಯಾಕ್‌ನಲ್ಲೇ ಇರುವ ಪ್ರಿವ್ಯೂ ಸಾಕು.

ಸೊರಬದ ಟೀಚರ್

ನೀವೆಲ್ಲ ಕಂಪ್ಯೂಟರ್ ಬಗ್ಗೆ ಬರೆಯುತ್ತಿದ್ದೀರಿ. ನಮ್ಮ ಹಳ್ಳಿಯಲ್ಲಿ ಕಂಪ್ಯೂಟರ್ ಇರುವ ಮನೆ ನಾಲ್ಕೈದು. ಫೋನ್ ಎಲ್ಲರ ಕೈಯಲ್ಲಿದೆ.

ನಮ್ಮ ಅಪ್ಪಯ್ಯನಿಗೆ ವಾಟ್ಸ್ಆಪ್‌ನಲ್ಲಿ ಪರಿಚಯದವರ ನಂಬರಿನಿಂದಲೇ ಮದುವೆ ಕಾಗದ ಬಂತು. ಫೋಟೋ ಅಲ್ಲ, ಎಪಿಕೆ ಫೈಲ್, ಅಂದರೆ ಫೋನಿಗೆ ಆಪ್ ಹಾಕುವ ಫೈಲ್. ಒತ್ತಿದರು. ಫೋನ್ ತಡೆಯಿತು, ಇಂಥ ಕಡೆಯಿಂದ ಇನ್‌ಸ್ಟಾಲ್ ಮಾಡಲು ಅನುಮತಿ ಇಲ್ಲ ಎಂದು. ಪಕ್ಕದಲ್ಲಿದ್ದ ಹುಡುಗ ಸೆಟ್ಟಿಂಗ್‌ಗೆ ಹೋಗಿ ಆನ್ ಮಾಡಿಕೊಟ್ಟ. ಆಮೇಲೆ ಎಸ್‌ಎಂಎಸ್ ಓದಲು ಅನುಮತಿ ಕೇಳಿತು, ಅದನ್ನೂ ಕೊಟ್ಟರು. ಎಚ್ಚರಿಕೆ ಎರಡು ಸಲ ಬಂದಿತ್ತು. ಮದುವೆ ಕಾಗದ ನೋಡಲು ಎಸ್‌ಎಂಎಸ್ ಯಾಕೆ ಬೇಕು ಎಂದು ಯಾರೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಖಾತೆಯಿಂದ ಅಡಿಕೆ ಮಾರಿದ ದುಡ್ಡು ಹೋಗಿತ್ತು. ಒಟಿಪಿ ಎಲ್ಲ ಆ ಆಪ್ ಓದಿಕೊಂಡಿತ್ತು.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ಶಿವಮೊಗ್ಗದಲ್ಲಿ ಸೈಬರ್ ಅಪರಾಧ ನೋಡುವ ಸಿಇಎನ್ ಠಾಣೆಗೂ ಹೋಗಿ ಬಂದೆವು. ಸ್ವಲ್ಪ ಹಣ ತಡೆಹಿಡಿದಿದ್ದಾರೆ ಎಂದಿದ್ದಾರೆ. ಅಪ್ಪಯ್ಯ ಈಗ ಫೋನ್ ಮುಟ್ಟುವುದಿಲ್ಲ. ನಾನು ಕರೆ ಮಾಡಿದರೂ ಅಮ್ಮ ಎತ್ತಬೇಕು. ದುಡ್ಡಿಗಿಂತ ಅದು ನನಗೆ ನೋವು.

ದುರ್ಗಿಗುಡಿ

ಮೇಡಂ, ಬರೆದದ್ದು ಒಳ್ಳೆಯದಾಯಿತು. ಓದುವವರಿಗೆ ಒಂದು ಮಾತು. ಇಂಥದ್ದು ಇನ್‌ಸ್ಟಾಲ್ ಆಗಿಹೋಯಿತು ಎಂದು ಗೊತ್ತಾದ ತಕ್ಷಣ ಆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಇದ್ದರೆ ಅದನ್ನೂ ಆಫ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೂ 1930ಕ್ಕೂ ಕರೆ ಮಾಡಿ. ಎಷ್ಟು ಬೇಗ ಕರೆ ಹೋಗುತ್ತದೋ ಅಷ್ಟು ಹಣ ತಡೆಯುವ ಸಾಧ್ಯತೆ ಜಾಸ್ತಿ. ಆಂಡ್ರಾಯ್ಡ್‌ನಲ್ಲಿ 2017ರಿಂದ ಹೊರಗಿನ ಆಪ್ ಇನ್‌ಸ್ಟಾಲ್ ಮಾಡುವ ಅನುಮತಿಯನ್ನು ಒಂದೊಂದು ಆಪ್‌ಗೆ ಬೇರೆ ಬೇರೆಯಾಗಿ ಕೊಡಬೇಕು. ಈಗಲೇ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಸ್ಟಾಲ್ ಅನ್‌ನೋನ್ ಆಪ್ಸ್' ತೆಗೆದು ವಾಟ್ಸ್ಆಪ್ ಎದುರು ಅದು ಆನ್ ಆಗಿದೆಯಾ ನೋಡಿ. ಆಗಿದ್ದರೆ ಆಫ್ ಮಾಡಿ.

ತುಂಗಾತೀರ, ತೀರ್ಥಹಳ್ಳಿ

ಎರಡು ದಿನ ಬರೆಯಲು ಆಗಲಿಲ್ಲ. ಇಲ್ಲಿ ಗಾಳಿ ಮಳೆ, ಲೈನ್ ಮೇಲೆ ಮರ ಬಿದ್ದಿತ್ತು.

ಮೊದಲು ನನ್ನ ಲ್ಯಾಪ್‌ಟಾಪ್‌ನ ಫೈಲ್ ನೋಡಿದೆ. ಮಳೆಲೆಕ್ಕದವರು ಪುಟದಲ್ಲಿ ಹಾಕಿದ 64 ಅಕ್ಷರಕ್ಕೆ ಪೂರ್ತಿ ಹೊಂದಿತು. ಮೊದಲ ನಾಲ್ಕು, ಕೊನೆಯ ನಾಲ್ಕು ಮಾತ್ರ ನೋಡಲಿಲ್ಲ. ಮಗಳು ಓದಿದಳು, ನಾನು ಬೆರಳಿಟ್ಟು ನೋಡಿದೆ.

ಇವತ್ತು ಭಾವನ ಮನೆಗೆ ಹೋಗಿದ್ದೆ. ಅವರ ಕಂಪ್ಯೂಟರಿನಲ್ಲಿದ್ದ ಫೈಲ್‌ನದ್ದು ಮೂರು ಆವೃತ್ತಿಗಳಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಗಾತ್ರವೂ ಸುಮಾರು 40 ಕೆಬಿ ಜಾಸ್ತಿ ಇದೆ. ಆಪ್ ಮಾತ್ರ ಚೆನ್ನಾಗಿಯೇ ಓಡುತ್ತದೆ. ಅವರ ಡಿಫೆಂಡರ್ ಆಫ್ ಇದೆ. ಸ್ಲೋ ಆಗುತ್ತದೆ ಎಂದು ರಿಪೇರಿಯವರು ಮಾಡಿಕೊಟ್ಟಿದ್ದಂತೆ. ಇದು ಏನು ಸರ್?

ಮಳೆಲೆಕ್ಕ, ಹೊಸನಗರ

ಅದು ನಾನು ಕೊಟ್ಟ ಫೈಲ್ ಅಲ್ಲ. ನನ್ನ ಹತ್ತಿರ ಹಳೆಯದೆಲ್ಲ ಇದೆ, ಮತ್ತೆ ಲೆಕ್ಕ ಹಾಕಿ ನೋಡಿದೆ. ಭಾವ ಅವರು ಬರೆದಿಟ್ಟ ಮಳೆ ಲೆಕ್ಕ ಬೇರೆ ಡೇಟಾ ಫೈಲ್‌ನಲ್ಲಿದೆ, ಅದನ್ನು ಮಾತ್ರ ತೆಗೆದಿಟ್ಟುಕೊಳ್ಳಿ. ಹಾಳಾಗಬಾರದು.

ದುರ್ಗಿಗುಡಿ

ನನ್ನ ಊಹೆ ಹೀಗಿದೆ. ಬೇರೆ ಪ್ರೋಗ್ರಾಂಗಳಿಗೆ ಅಂಟಿಕೊಳ್ಳುವ ಹಳೇ ಜಾತಿಯ ವೈರಸ್‌ಗಳಿವೆ. ನೆಷ್ಟಾ, ಸ್ಯಾಲಿಟಿ ಅಂಥವು. ಅಂಥ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕಿದರೆ ಅದರಲ್ಲಿರುವ ಇಎಕ್ಸ್‌ಇ, ಅಂದರೆ ಪ್ರೋಗ್ರಾಂ ಫೈಲ್‌ಗಳಿಗೆ ಅಂಟಿಕೊಂಡು ಬರುತ್ತವೆ. ಮೂಲ ಆಪ್ ಮೊದಲಿನ ಹಾಗೇ ಓಡುತ್ತದೆ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ಗಾತ್ರ ಸ್ವಲ್ಪ ಜಾಸ್ತಿಯಾಗುತ್ತದೆ.

ಭಾವನ ಮನೆಯಲ್ಲಿ ಡಿಫೆಂಡರ್ ಆನ್ ಮಾಡಿ, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ 'ಆಫ್‌ಲೈನ್ ಸ್ಕ್ಯಾನ್' ಕೊಡಿ. ಕಂಪ್ಯೂಟರ್ ತಾನೇ ರೀಸ್ಟಾರ್ಟ್ ಆಗಿ ವಿಂಡೋಸ್ ಪೂರ್ತಿ ಶುರುವಾಗುವ ಮೊದಲೇ ಹುಡುಕುತ್ತದೆ. ಸುಮಾರು ಕಾಲು ಗಂಟೆ. ಯುಪಿಎಸ್ ಇದ್ದರೆ ಒಳ್ಳೆಯದು. ಮುಗಿಯುವವರೆಗೆ ಅಲ್ಲಿ ಬ್ಯಾಂಕ್ ಕೆಲಸ ಬೇಡ. ಏನು ಹೆಸರು ತೋರಿಸುತ್ತದೆ ಬರೆಯಿರಿ.

ತುಂಗಾತೀರ, ತೀರ್ಥಹಳ್ಳಿ

ಮಾಡಿದೆ ಸರ್. 'ವೈರಸ್' ಎಂದು ಶುರುವಾಗುವ ಹೆಸರು, ನೆಷ್ಟಾ ಎಂದೇ ಇದೆ. ಮಳೆ ಆಪ್ ಒಂದೇ ಅಲ್ಲ, 200ಕ್ಕೂ ಜಾಸ್ತಿ ಫೈಲ್‌ಗಳಲ್ಲಿ ಸಿಕ್ಕಿದೆ.

ಪೆನ್‌ಡ್ರೈವ್ ಎಲ್ಲೆಲ್ಲಿ ಹೋಗಿತ್ತು ಎಂದು ಭಾವನನ್ನು ಕೇಳಿದೆ. ಪಹಣಿ ಪ್ರಿಂಟ್ ತೆಗೆಸಲು ಪೇಟೆಯ ಒಂದು ಅಂಗಡಿಗೆ, ಮಕ್ಕಳ ಪ್ರಾಜೆಕ್ಟ್‌ಗೆ ಇನ್ನೊಂದು ಕಡೆ. ನನ್ನ ಕೇಂದ್ರಕ್ಕೂ ಒಮ್ಮೆ ಬಂದಿತ್ತು. ನನ್ನ ಹಳೇ ಕಂಪ್ಯೂಟರನ್ನೂ ಈಗ ಸ್ಕ್ಯಾನ್‌ಗೆ ಹಾಕಿದ್ದೇನೆ. ಅದು ಮುಗಿಯುವವರೆಗೆ ಯಾರ ಪೆನ್‌ಡ್ರೈವನ್ನೂ ತೆಗೆದುಕೊಳ್ಳುತ್ತಿಲ್ಲ. ಬಂದವರಿಗೆ ಕಾರಣ ಹೇಳುತ್ತಿದ್ದೇನೆ.

ದುರ್ಗಿಗುಡಿ

ಇಷ್ಟು ಹರಡಿದ ಮೇಲೆ ಬರೀ ತೊಳೆದರೆ ಸಾಲದು. ಭಾವನ ಕಂಪ್ಯೂಟರಿಗೆ ವಿಂಡೋಸ್ ಹೊಸದಾಗಿ ಹಾಕುವುದೇ ಸರಿ. ಫೋಟೋ, ಕಾಗದಪತ್ರ, ಮಳೆ ಡೇಟಾ ಉಳಿಸಿಕೊಳ್ಳಿ. ಇಎಕ್ಸ್‌ಇ ಒಂದನ್ನೂ ಉಳಿಸಿಕೊಳ್ಳಬೇಡಿ. ಪಾಸ್‌ವರ್ಡ್‌ಗಳನ್ನು ನಿಮ್ಮ ಹೊಸ ಲ್ಯಾಪ್‌ಟಾಪ್‌ನಿಂದ ಬದಲಾಯಿಸಿ. ಭಾನುವಾರ ನಾನು ಕೊಪ್ಪಕ್ಕೆ ಹೋಗುವವನಿದ್ದೇನೆ, ತೀರ್ಥಹಳ್ಳಿಯಲ್ಲಿ ಇಳಿಯುತ್ತೇನೆ. ಜೊತೆಯಲ್ಲಿ ಕೂತು ಮಾಡೋಣ.

ತುಂಗಾತೀರ, ತೀರ್ಥಹಳ್ಳಿ

ಬನ್ನಿ ಸರ್, ಊಟ ನಮ್ಮ ಮನೆಯಲ್ಲೇ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಇವತ್ತು 'ಮೋರ್ ಇನ್ಫೋ' ತೆರೆದು 'ರನ್ ಎನಿವೇ' ಒತ್ತಿದೆ. ಆಪ್ ತೆರೆಯಿತು. ಭಾವನ ಡೇಟಾ ಹಾಕಿದೆ, ಆರಿದ್ರಾದಿಂದ ಇವತ್ತಿನವರೆಗಿನ ಲೆಕ್ಕ ಒಂದೂ ತಪ್ಪದೆ ಬಂತು.

ಸೊರಬದ ಟೀಚರ್

ಮಳೆಲೆಕ್ಕದವರೇ, ಇದು ಫೋನಿಗೆ ಬರುತ್ತದಾ? ಅಪ್ಪಯ್ಯ 30 ವರ್ಷದಿಂದ ಮಳೆ ಬರೆಯುತ್ತಾರೆ. ಇದಕ್ಕಾದರೂ ಮತ್ತೆ ಫೋನ್ ಹಿಡಿಯುತ್ತಾರೇನೋ.

ಮಳೆಲೆಕ್ಕ, ಹೊಸನಗರ

ಫೋನಿಗೆ ಇನ್ನೂ ಮಾಡಿಲ್ಲ ಮೇಡಂ. ಮಾಡಿದರೆ ಪ್ಲೇ ಸ್ಟೋರ್‌ನಲ್ಲೇ ಹಾಕುತ್ತೇನೆ, ಎಪಿಕೆ ಕಳಿಸುವುದಿಲ್ಲ. ಅಲ್ಲಿಯವರೆಗೆ ಅವರು ಹೇಳಲಿ, ನೀವು ಬರೆದು ಕಳಿಸಿ. ಈ ವರ್ಷದ್ದನ್ನು ನಾನು ಹಾಕಿಕೊಡುತ್ತೇನೆ.